ಆಚೆ ಹೋಗಿ ಬಂದ ಪಾಚಿ

ನಮ್ಮೂರಿನಲ್ಲಿ ಸಂತೆಬೀದಿ ಮುಗಿದ ಕೂಡಲೇ ಇನ್ನೊಂದು ಗ್ರಹ ಶುರುವಾಗುತ್ತದೆ. ನಡುವೆ ಸೊಂಟದೆತ್ತರದ ಒಂದು ಕಲ್ಲುಗೋಡೆ, ಅಷ್ಟೇ. ಗೋಡೆಯ ಈಚೆ ಸೈಕಲ್ ಶಾಪು, ಬೋಂಡದ ಗಾಡಿ, ಒಂದು ದೊಡ್ಡ ಬೇವಿನ ಮರ. ಆಚೆ ಇಟ್ಟಿಗೆಪುಡಿ ಬಣ್ಣದ ನೆಲ, ಕಲ್ಲು, ಅದರಾಚೆ ಮತ್ತೂ ಕಲ್ಲು, ಮೇಲೆ ನಮ್ಮವನಿಗಿಂತ ಸೊರಗಿದ ಒಬ್ಬ ಸೂರ್ಯ. ಅದು ಯಾವ ಗ್ರಹ, ಎಷ್ಟೊಂದು ಜಾಗ ಇರುವಾಗ ಇಲ್ಲಿಗೇ ಯಾಕೆ ಬಂತು ಎಂದೆಲ್ಲ ಪರಊರಿನವರು ಕೇಳುತ್ತಾರೆ. ನಿಮ್ಮೂರ ಗುಡ್ಡ ಅಲ್ಲೇ ಯಾಕೆ ಕೂತಿದೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ? ನಾವು ಅದನ್ನು ಆಚೆಕಡೆ ಎನ್ನುತ್ತೇವೆ. ಹೆಸರಿಟ್ಟಾಯಿತು, ಇನ್ನು ಬಾಳುವೆ ನಡೆಯಬೇಕಲ್ಲ.

ಬಾಳುವೆ ನಡೆದೇ ಇದೆ. ಹಪ್ಪಳ ಸಂಡಿಗೆಯನ್ನು ಆಚೆ ಇಟ್ಟರೆ ಒಂದು ಬಾಣಲೆ ಬೋಂಡ ಬೇಯುವಷ್ಟರಲ್ಲಿ ಒಣಗುತ್ತವೆ. ಬಟ್ಟಲಲ್ಲಿ ನೀರಿಟ್ಟರೆ ಬೆಂಕಿಯಿಲ್ಲದೆ ಕೊತಕೊತ ಕುದ್ದು, ಕುದಿಯುತ್ತಲೇ ಮಂಜುಗಡ್ಡೆಯಾಗುತ್ತದೆ. ಸೋಡಾ ಮಾರುವವನಿಗೆ ಅದೇ ಐಸು. ಅಲ್ಲಿ ಸೂರ್ಯ ಮುಳುಗುವಾಗ ಆಕಾಶ ನೀಲಿ. ಮದುವೆಯಾದ ಜೋಡಿಗೆ ಬೇರೆ ಊರಲ್ಲಿ ಅರುಂಧತಿ ನಕ್ಷತ್ರ ತೋರಿಸಿದರೆ, ನಮ್ಮಲ್ಲಿ ಗೋಡೆಯ ಹತ್ತಿರ ಕರೆತಂದು, ಪಡುವಣದಲ್ಲಿ ಹುಟ್ಟಿ ಮೂಡಣಕ್ಕೆ ಓಡುವ ಆಚೆಯ ಅವಸರದ ಚಂದ್ರನನ್ನು ತೋರಿಸುತ್ತೇವೆ. ಸಂಸಾರದಲ್ಲಿ ಹೀಗೆ ಓಡಬೇಡಿ ಎಂದು ಬುದ್ಧಿ ಹೇಳುವುದಕ್ಕೆ. ಕೈ ಮಾತ್ರ ಗೋಡೆ ದಾಟುವ ಹಾಗಿಲ್ಲ. ದಾಟಿದರೆ ಬೆರಳು ಬಾತು ಮರಗಟ್ಟಿಹೋಗುತ್ತವೆ. ಇಡುವುದು ತೆಗೆಯುವುದು ಎಲ್ಲ ದೋಟಿಯಲ್ಲಿ. ಮಾವಿನಕಾಯಿ ಕೀಳುತ್ತೀರಲ್ಲ, ಅದೇ ಕೊಕ್ಕೆ ಕಟ್ಟಿದ ಬಿದಿರುಗಳ, ಕೊಂಚ ಉದ್ದ ಹೆಚ್ಚು. ಆ ದೋಟಿ ಹಿಡಿಯುವವನು ನಾನು, ಕೆಂಚಪ್ಪ. ಪುರಸಭೆಯ ನೌಕರಿ. ನನ್ನ ಕೈ ನಡುಗಿ ಯಾರ ಮನೆಯ ಒಂದು ಸಂಡಿಗೆಯೂ ಆಚೆ ಬಿದ್ದಿಲ್ಲ ಎಂದು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ!

ಆಚೆಯಿಂದ ಏನೇ ಬರಲಿ, ಊರೊಳಗೆ ಸೇರುವ ಮೊದಲು ಅದಕ್ಕೆ ಪುಟ್ಟತಾಯಜ್ಜಿಯ ಕೈಯಿಂದ ಓಕುಳಿ ಆಗಬೇಕು. ನೀರಿಗೆ ಅರಿಶಿನ ಹಾಕಿ, ಮೇಲೆ ಸುಣ್ಣ ಕದಡಿದರೆ ರಕ್ತದ ಹಾಗೆ ಕೆಂಪಾಗುತ್ತದಲ್ಲ, ಅದೇ ಓಕುಳಿ. ಹಪ್ಪಳದ ಮೊರಕ್ಕೆ ನಾಲ್ಕು ಹನಿ ಚಿಮುಕಿಸಿದರೆ ಸಾಕು. ಅದಕ್ಕೇ ನಮ್ಮೂರ ಹಪ್ಪಳಕ್ಕೆಲ್ಲ ಕೆಂಪು ಚುಕ್ಕೆ ಇರುತ್ತದೆ. ಪಾತ್ರೆ, ಸೀಸೆ, ತಟ್ಟೆಯಾದರೆ ಒಂದು ಸೌಟು ತುಂಬ, ಒಳಗೂ ಹೊರಗೂ ಸುರಿಯಬೇಕು. ಅಜ್ಜಿಯ ಅತ್ತೆ ಹಾಗೆ ಮಾಡುತ್ತಿದ್ದಳು, ಅವಳ ಅತ್ತೆಯೂ ಹಾಗೇ. "ಆಚೆ ಯಾರೂ ಇಲ್ಲವಲ್ಲ ಅಜ್ಜಿ, ಯಾರ ದೃಷ್ಟಿ ತಾಗುತ್ತೆ?" ಎಂದು ನಾನೊಮ್ಮೆ ರೇಗಿಸಿದ್ದೆ. "ಯಾರೂ ಇಲ್ಲದ ಜಾಗದ ಕಣ್ಣೇ ಕೆಟ್ಟದು ಕಣೋ ಬೆಪ್ಪೆ" ಅಂದಳು.

ಆಚೆ ಯಾರೂ ಇಲ್ಲ ಎಂಬ ಮಾತು ಊರಲ್ಲಿ ಇನ್ನೊಬ್ಬರಿಗೆ ಸರಿಬರುತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮಂದಾಕಿನಿ ಮೇಡಂ. ಇಲ್ಲೇ ಹುಟ್ಟಿ, ಇಲ್ಲೇ ಓದಿ, ದೊಡ್ಡ ಓದಿಗೆ ಹೊರಗೆ ಹೋಗಿ, ಹೋದ ದಾರಿಯಲ್ಲೇ ಹಿಂದಿರುಗಿದವರು. "ಇನ್ನೊಂದು ಗ್ರಹ ಬೀದಿ ಕೊನೇಲಿರುವಾಗ ನಾನು ಬೇರೆ ಕಡೆ ಏನು ಮಾಡಲಿ?" ಎನ್ನುತ್ತಿದ್ದರು. ನಮ್ಮ ಕಡೆಯ ಗಟ್ಟಿಮುಟ್ಟಾದ ಸೂಕ್ಷ್ಮಜೀವಿಯೊಂದು ಆಚೆಯ ಚಳಿ, ಒಣಹವೆ, ಸುಡುವ ಬೆಳಕು ಎಲ್ಲವನ್ನೂ ತಡೆದುಕೊಂಡು ಜೀವಸಹಿತ ವಾಪಸ್ ಬರಬಲ್ಲದೇ? ಇದೊಂದೇ ಅವರ ಪ್ರಶ್ನೆ. ಮದುವೆ ಗಿದುವೆ ಎಲ್ಲ ಆ ಪ್ರಶ್ನೆಯ ಹಿಂದೆ ಸಾಲಿನಲ್ಲಿ ನಿಂತು ನಿಂತು ಮನೆಗೆ ಹೋದವು. ಅಕ್ಕಿ ಗಿರಣಿಯ ಬಾಯ್ಲರಿನ ಕೆಸರು, ಉಪ್ಪಿನಕಾಯಿ ಭರಣಿಯ ತಳ, ದೇವಸ್ಥಾನದ ಬಂಡೆಯ ಮೇಲಿನ ಕರಿಕಟ್ಟು, ಬತ್ತಿದ ಕೆರೆಯಲ್ಲಿ ಚಕ್ಕೆಚಕ್ಕೆಯಾಗಿ ಏಳುವ ಒಣಪಾಚಿ, ಯಾವುದನ್ನೂ ಬಿಡಲಿಲ್ಲ. ಗಾಜಿನ ತಟ್ಟೆಯಲ್ಲಿಟ್ಟು, ಹಿಡಿಯಿರುವ ಬುಟ್ಟಿಯಲ್ಲಿ ಕೂರಿಸಿ ನನ್ನ ಕೈಗೆ ಕೊಡುವರು, ನಾನು ದೋಟಿಯಲ್ಲಿ ಆಚೆ ಇಡುವೆ. ಕೆಲವು ವಾರವಾದ ಮೇಲೆ ತೆಗೆಯುವೆ, ಅಜ್ಜಿ ಓಕುಳಿ ಸುರಿಯುವಳು, ಮೇಡಂ ತಾವೇ ಕೈಮುಗಿದು ತಟ್ಟೆಯನ್ನು ಲ್ಯಾಬಿಗೆ ಒಯ್ಯುವರು. ಪ್ರತಿಸಲವೂ ಅದು ಸತ್ತಿರುತ್ತಿತ್ತು. ಊರ ಪಡ್ಡೆಗಳು ಅವರಿಗೆ 'ಸತ್ತಹುಳದ ಮೇಡಂ' ಎಂದು ಹೆಸರಿಟ್ಟಿದ್ದವು. ಅದು ಅವರ ಕಿವಿಗೂ ಬಿದ್ದಿತ್ತು. "ಹುಳ ಅಲ್ಲ, ಹುಳಕ್ಕಿಂತ ಸಣ್ಣದು ಅಂತ ಹೇಳಪ್ಪ ಅವರಿಗೆ" ಎಂದು ನನಗೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಹೀಗಿರುವಾಗ ಊರಿನ ಕಸದ ಗುಂಡಿ ತುಂಬಿತು. ವಾಸನೆ ಶಾಲೆಯೊಳಕ್ಕೆ ನುಗ್ಗಿತು, ಜನ ಪುರಸಭೆಗೆ ಮುತ್ತಿಗೆ ಹಾಕಿದರು. ಅಧ್ಯಕ್ಷ ಮರಿಸ್ವಾಮಿ ಕೆಟ್ಟವನೇನಲ್ಲ, ಆದರೆ ತಲೆಗೆ ಹೊಳೆದದ್ದನ್ನು ಬಾಯಿಗೆ ಬಿಡುವ ಮೊದಲು ಒಂದು ರಾತ್ರಿ ಮಲಗಿಸುವವನಲ್ಲ. "ಗೋಡೆಯಾಚೆ ಅಷ್ಟೊಂದು ಪಾಳು ಬಿದ್ದೈತೆ. ಕೊಳೆಯಂಗಿಲ್ಲ, ನಾರಂಗಿಲ್ಲ. ಯುಗಾದಿ ಹೊಸತೊಡಕು ಮುಗಿದ ಮಾರನೇ ದಿನದಿಂದ ಟ್ರಾಕ್ಟರಲ್ಲಿ ತಗೊಂಡೋಗಿ ಆಚೆ ಸುರಿಯೋದೇ!" ಎಂದು ಸಭೆಯಲ್ಲಿ ಸಾರಿಬಿಟ್ಟ. ಚಪ್ಪಾಳೆಯೂ ಬಿತ್ತು.

ಮೇಡಂ ಎದ್ದು ನಿಂತರು. "ಅಧ್ಯಕ್ಷರೇ, ಗುಂಡಿ ಬಿಟ್ಟು ಜೀವ ಇರೋ ಬೇರೆ ಯಾವ ನೆಲಕ್ಕೂ ಕಸ ಹಾಕಬಾರದು ಅಂತ ನಮ್ಮೂರ ಕಟ್ಟಳೆ ಇದೆ."

"ಒಪ್ಪಿದೆ ಮೇಡಂ. ಜೀವ ಎಲ್ಲೈತೆ? ನೀವೇ ಅಲ್ವಾ ಇಷ್ಟು ವರ್ಷ ಹುಡುಕ್ತಿರೋದು?"

ಸಭೆ ಗೊಳ್ಳೆಂದಿತು. ಮೇಡಂ ಕೂರಲಿಲ್ಲ. "ಒಂದು ಸಲ ಕಸ ಬಿದ್ದರೆ ಮುಗೀತು. ಆಮೇಲೆ ಅಲ್ಲಿ ಏನು ಬದುಕಿದರೂ ಅದು ಕಸದ್ದೋ, ನಾನಿಟ್ಟದ್ದೋ, ಅಲ್ಲಿಯದೇ ಆಗಿದ್ದೋ ಅಂತ ದೇವರಾಣೆಗೂ ಯಾರೂ ಹೇಳೋಕಾಗಲ್ಲ. ಭೂಮೀಲಿ ಇನ್ನೆಲ್ಲೂ ಇಂಥ ಗೋಡೆ ಇಲ್ಲ. ನನ್ನ ಎರಡು ತಟ್ಟೆ ಶಿವರಾತ್ರಿಯಿಂದ ಆಚೆ ಕೂತಿವೆ. ಅವುಗಳನ್ನ ತೆಗೆದು ನೋಡೋವರೆಗೆ ತಡೀರಿ."

ಮರಿಸ್ವಾಮಿ ತಲೆ ಕೆರೆದುಕೊಂಡ. "ಆಯ್ತು, ಟ್ರಾಕ್ಟರ್ ಬರೋ ದಿನವೇ ತೆಗೀರಿ. ಒಂದೇ ಒಂದು ಜೀವ ಅಲ್ಲಿ ಬಾಳಿ ಬಂದಿದ್ರೆ ಟ್ರಾಕ್ಟರ್ ಹಿಂದಕ್ಕೆ. ಇಲ್ದಿದ್ರೆ ಮುಂದಕ್ಕೆ. ಇದಕ್ಕಿಂತ ನ್ಯಾಯ ನನ್ನ ಹತ್ರ ಇಲ್ಲ."

ಸಭೆಯಿಂದ ಹೊರಗೆ ಬಂದ ಮೇಲೆ ಮೇಡಂ ಮುಖ ನೋಡಿದೆ. ಎಷ್ಟೋ ಸಲ ಸತ್ತ ತಟ್ಟೆ ಹಿಡಿದು ಹೋದಾಗಲೂ ಆ ಮುಖ ಅಷ್ಟು ಬಾಡಿರಲಿಲ್ಲ. "ಕೆಂಚಪ್ಪಾ, ಈ ಸಲವೂ ಸತ್ತೇ ಬಂದರೆ?" ಎಂದು ಕೇಳಿದರು. ನನಗೆ ಸುಳ್ಳು ಹೇಳಲು ಬರುತ್ತದೆ, ಆದರೆ ಅವರ ಮುಂದೆ ಬರುವುದಿಲ್ಲ.

ಯುಗಾದಿ ಹತ್ತಿರ ಬಂದರೆ ಎಲ್ಲರ ಮನೆಗೂ ಸುಣ್ಣ. ಊರಲ್ಲಿ ಉದ್ದನೆಯ ಗಳ ಇರುವವನು ನಾನೊಬ್ಬನೇ ಆದ್ದರಿಂದ ಎತ್ತರದ ಗೋಡೆಗೆಲ್ಲ ನನ್ನನ್ನೇ ಕರೆಯುವುದು ರೂಢಿ. ಮೇಡಂ ಮನೆಯ ಮುಂಗೋಡೆಗೆ ಗಳದ ತುದಿಗೆ ಸುಣ್ಣದಲ್ಲಿ ಅದ್ದಿದ ನಾರಿನ ಜುಂಗು ಕಟ್ಟಿ ಎಳೆಯುತ್ತಿದ್ದೆ. ಅವರು ಆಗಷ್ಟೇ ಹೊಸ್ತಿಲು ತೊಳೆದು ದಪ್ಪಗೆ ಅರಿಶಿನ ಬಳಿದು ಒಳಗೆ ಹೋಗಿದ್ದರು. ಗಳದಿಂದ ಸುಣ್ಣದ ನೀರು ತೊಟತೊಟ ಬಿತ್ತು, ನೆಟ್ಟಗೆ ಹೊಸ್ತಿಲ ಮೇಲೆಯೇ. "ಅಯ್ಯೋ ನಿನ್ನ! ಈಗ ತಾನೇ ಬಳಿದಿದ್ದೆನಲ್ಲೋ!" ಎಂದು ಬಟ್ಟೆ ಹಿಡಿದು ಓಡಿಬಂದರು. ಒರೆಸಲು ಬಗ್ಗಿದವರು ಬಗ್ಗಿದ ಹಾಗೆಯೇ ನಿಂತರು. ಹಳದಿ ಹೊಸ್ತಿಲ ಮೇಲೆ ಸುಣ್ಣ ಬಿದ್ದ ಕಡೆಯೆಲ್ಲ ಕೆಂಪು. ಓಕುಳಿಯ ಕೆಂಪು.

"ಕೆಂಚಪ್ಪಾ, ಅಜ್ಜಿ ಓಕುಳಿಗೆ ಸುಣ್ಣ ಎಷ್ಟು ಹಾಕ್ತಾರೆ?"

"ನಿಂಬೆಹಣ್ಣಿನ ಗಾತ್ರ. ಕೈಧಾರಾಳ ಅಜ್ಜೀದು. ಯಾಕೆ ಮೇಡಂ?"

ಅವರು ನಿಧಾನಕ್ಕೆ ನೆಲದ ಮೇಲೆ ಕೂತರು. ಆಮೇಲೆ ನಗಲು ಶುರುಮಾಡಿದರು ನೋಡಿ, ಇವರಿಗೆ ಏನೋ ಆಯಿತು ಎಂದುಕೊಂಡೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ನಗು ನಿಲ್ಲುತ್ತಿಲ್ಲ. "ಸುಣ್ಣದಲ್ಲಿ ಪಾಚಿ ಬದುಕಲ್ಲ ಅಂತ ವರ್ಷಾ ವರ್ಷಾ ಪಾಠ ಮಾಡ್ತೀನಿ ಕಣೋ! ಪರೀಕ್ಷೆಗೂ ಕೊಡ್ತೀನಿ! ಆಚೆಕಡೆ ಕೊಂದಿತೋ ಇಲ್ಲವೋ ಆಮೇಲಿನ ಮಾತು. ಗೋಡೆ ದಾಟಿ ಬಂದ ಮೇಲೆ ನಾವೇ ಸುಣ್ಣದ ನೀರು ಹೊಯ್ದು ಕೊಂದಿದೀವಿ. ನಾನು ಕೈಮುಗಿದು ನಿಂತು ಕೊಲ್ಲಿಸಿದೀನಿ!" ನಾನು ಗಳವನ್ನು ಕೆಳಗಿಟ್ಟೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರು ತಾನೇ ನೋಡುತ್ತಾರೆ? ತಾಯಿ ನೆಟಿಗೆ ಮುರಿದರೆ ಅದನ್ನು ಲ್ಯಾಬಿನಲ್ಲಿ ಪರೀಕ್ಷೆಗೆ ಇಡುವವರು ಯಾರು?

ಆ ಸಂಜೆಯೇ ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ಅಜ್ಜಿ ಬೇವಿನ ಹೂ ಬಿಡಿಸುತ್ತ ಕೂತಿದ್ದಳು. ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿ, ಈ ಸಲದ ತಟ್ಟೆಗಳಿಗೆ ಓಕುಳಿ ಬೇಡ ಎಂದು ಕೇಳಿಕೊಂಡರು.

ಅಜ್ಜಿಯ ಕೈ ನಿಂತಿತು. "ಓಕುಳಿ ಇಲ್ದೆ ಆಚೆದು ಊರೊಳಕ್ಕೆ ಬರಂಗಿಲ್ಲ. ನನ್ನ ಜೀವ ಇರೋಗಂಟ ಬರಂಗಿಲ್ಲ."

"ಅಜ್ಜೀ, ನಿಮ್ಮ ಮೊಮ್ಮಗು ಊರಿಂದ ಬಂದಾಗ ಓಕುಳಿ ಮಾಡ್ತೀರಲ್ಲ, ಅದರ ತಲೆ ಮೇಲೆ ಸುರೀತೀರಾ?"

"ಬಿಡ್ತು ಅನ್ನು! ಕಣ್ಣು ಉರಿಯಲ್ವಾ ಮಗೀಗೆ? ಜೀವ ಇರೋದಕ್ಕೆ ನಿವಾಳಿಸಿ ಬೀದಿಗೆ ಚೆಲ್ಲೋದು. ಪಾತ್ರೆ ಪಗಡಕ್ಕೆ ಮೇಲೆ ಸುರಿಯೋದು. ಅಷ್ಟೂ ಗೊತ್ತಿಲ್ವಾ ಓದಿದೋಳಿಗೆ?"

"ಹಾಗಾದರೆ ನನ್ನ ತಟ್ಟೆಗೂ ನಿವಾಳಿಸಿ ಬೀದಿಗೆ ಚೆಲ್ಲಿ."

"ಅದ್ರಾಗೆ ಜೀವ ಐತೆ ಅಂತ ನಿನಗೇನೇ ಗೊತ್ತು?"

"ಇಲ್ಲ ಅಂತ ನಿಮಗೇನು ಗೊತ್ತು ಅಜ್ಜೀ?"

ಅಜ್ಜಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಸಣ್ಣ ದನಿಯಲ್ಲಿ, "ಅಂದ್ರೆ ಇಷ್ಟು ವರ್ಷ ನಾನೇ ಸಾಯಿಸ್ದೆ ಅಂತೀಯಾ? ಈ ಕೈಯಲ್ಲಿ?" ಅಂದಳು. ಮೇಡಂ ಅವಳ ಕೈ ಹಿಡಿಯಲು ಹೋದರು. ಅಜ್ಜಿ ಕೊಸರಿಕೊಂಡು ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಬ್ಬದ ದಿನ ಬೇವುಬೆಲ್ಲ ಕೊಡಲು ಹೋದರೂ ತೆರೆಯಲಿಲ್ಲ.

ಯುಗಾದಿಯ ಮರುದಿನ ಹೊಸತೊಡಕು. ಅದರ ಮಾರನೇ ದಿನ ಬೆಳಗ್ಗೆ ಸಂತೆಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಟ್ರಾಕ್ಟರು ಕಸದ ಬೆಟ್ಟ ಹೊತ್ತು ಗೋಡೆಯ ಕಡೆ ಮುಖ ಮಾಡಿ ಗುಡುಗುಡು ಎನ್ನುತ್ತಿತ್ತು. ಮೇಲೆ ಡ್ರೈವರ್ ಇಲಿಯಾಸ್. ಮರಿಸ್ವಾಮಿ ಮೂಗಿಗೆ ಟವೆಲ್ಲು ಹಿಡಿದು ನಿಂತಿದ್ದ. ಎರಡು ತಟ್ಟೆ ಯಾಕೆಂದು ಅವನು ಕೇಳಿದ್ದಕ್ಕೆ ಮೇಡಂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಎರಡರಲ್ಲೂ ನಮ್ಮ ಕೆರೆಯ ಒಣಪಾಚಿಯೇ. ಕೆಂಪು ದಾರ ಕಟ್ಟಿರೋದನ್ನ ಕಳಿಸೋ ಮೊದಲೇ ಕುದಿಸಿ ಸಾಯಿಸಿದ್ದೆ. ಇನ್ನೊಂದನ್ನ ಜೀವಸಹಿತ ಕಳಿಸಿದ್ದೆ. ಎರಡಕ್ಕೂ ಒಂದೇ ನೀರು ಹಾಕ್ತೀನಿ. ಬದುಕಿರೋದು ಬಿಸಿಲಲ್ಲಿ ಉಸಿರು ಬಿಡುತ್ತೆ, ಗುಳ್ಳೆ ಏಳುತ್ತೆ. ಸತ್ತದ್ದು ಸುಮ್ಮನಿರುತ್ತೆ. ನೋಡೋಕೆ ಕಣ್ಣಿದ್ದರೆ ಸಾಕು, ನನ್ನ ಮಾತು ನಂಬಬೇಡಿ."

ನಾನು ದೋಟಿ ಚಾಚಿದೆ. ಕೊಕ್ಕೆಗೆ ಬುಟ್ಟಿಯ ಹಿಡಿ ಸಿಕ್ಕಿತು, ಮೆಲ್ಲಗೆ ಎತ್ತಿ ಗೋಡೆ ದಾಟಿಸಿ ಬೇವಿನ ಕಟ್ಟೆಯ ಮೇಲೆ ಇಳಿಸಿದೆ. ಎರಡು ಗಾಜಿನ ತಟ್ಟೆ, ಎರಡರಲ್ಲೂ ಕರಿಹಪ್ಪಳದ ಚೂರಿನ ಹಾಗೆ ಏನೋ ಒಂದಿಷ್ಟು. ನೋಡಿದರೆ ಎರಡೂ ಸತ್ತ ಹಾಗೆಯೇ. ಅಷ್ಟರಲ್ಲಿ ಜನ ಎರಡು ಭಾಗವಾಗಿ ದಾರಿ ಬಿಟ್ಟರು.

ಪುಟ್ಟತಾಯಜ್ಜಿ ಬರುತ್ತಿದ್ದಳು. ಎಂದಿನ ಸಣ್ಣ ತಟ್ಟೆಯಲ್ಲ, ಮದುವೆಗೆ ತೆಗೆಯುವ ದೊಡ್ಡ ಹಿತ್ತಾಳೆ ಹರಿವಾಣ, ಅದರ ತುಂಬ ತುಳುಕುವ ಓಕುಳಿ. ಮುಖದಲ್ಲಿ ಏನೂ ಓದುವ ಹಾಗಿಲ್ಲ. ಮೇಡಂ ತಟ್ಟೆಗಳಿಗೆ ಅಡ್ಡ ನಿಂತರು. ಹಿರಿಯರ ಕೈ ತಡೆದವರಲ್ಲ ಅವರು, ಆದರೂ ನಿಂತರು.

"ಸರಿಯೇ ಆ ಕಡೆ" ಅಂದಳು ಅಜ್ಜಿ.

"ಅಜ್ಜೀ..."

"ಸರ್ಕೋ ಅಂದೆ. ನನ್ನ ಕೆಲಸ ನಾನು ಮಾಡ್ಬೇಕು."

ಮೇಡಂ ಕಣ್ಣು ಮುಚ್ಚಿಕೊಂಡು ಸರಿದರು. ಅಜ್ಜಿ ಹರಿವಾಣ ಎತ್ತಿದಳು. ಎತ್ತಿದ್ದು ಮೇಲಕ್ಕಲ್ಲ, ಸುತ್ತ. ಬುಟ್ಟಿಯ ಸುತ್ತ ಒಂದು ಸಲ, ಎರಡು ಸಲ, ಮೂರು ಸಲ, ಒಂದು ಹನಿ ತಟ್ಟೆಗೆ ಬೀಳದ ಹಾಗೆ. "ಹೋದ ಕಣ್ಣು, ಬಂದ ಕಣ್ಣು, ನೆಲದ ಕಣ್ಣು, ಬಾನ ಕಣ್ಣು, ಎಲ್ಲಾ ಕಳದೋಗ್ಲಿ. ನಮ್ಮ ಕೂಸು ನಮ್ಮ ಮನೆಗೆ ಬರ್ಲಿ" ಎನ್ನುತ್ತ ತಿರುಗಿ, ಹರಿವಾಣದಲ್ಲಿದ್ದ ಅಷ್ಟನ್ನೂ ಬೀದಿಗೆ ಚೆಲ್ಲಿದಳು. ಎಲ್ಲಿ ಚೆಲ್ಲಿದಳು ಬಲ್ಲಿರಾ? ಟ್ರಾಕ್ಟರಿನ ಮುಂಗಾಲಿಯ ಮುಂದೆ, ಈ ಮೋರಿಯಿಂದ ಆ ಮೋರಿಯವರೆಗೆ.

ಇಲಿಯಾಸ್ ಕೀಲಿ ತಿರುಗಿಸಿ ಇಂಜಿನ್ ಆರಿಸಿಬಿಟ್ಟ.

"ಯಾಕಯ್ಯಾ?" ಮರಿಸ್ವಾಮಿ ಕೂಗಿದ.

"ಅಜ್ಜಿ ಓಕುಳಿ ಚೆಲ್ಲವ್ರೆ ಸಾರ್. ಒಣಗೋಗಂಟ ನಾನು ದಾಟಲ್ಲ. ನಮ್ಮನೇಲೂ ಹಸುಗೂಸೈತೆ."

ಮರಿಸ್ವಾಮಿ ಸುತ್ತ ನೋಡಿದ. ಬೇರೆ ಯಾರಾದರೂ ಓಡಿಸುತ್ತಾರೇನೋ ಎಂದು. ಒಬ್ಬರೂ ಕದಲಲಿಲ್ಲ. ತಾನೇ ಒಂದು ಹೆಜ್ಜೆ ಇಟ್ಟವನು ಕೆಂಪು ಅಂಚಿನವರೆಗೆ ಬಂದು, ಪಂಚೆ ಎತ್ತಿ, ಮತ್ತೆ ಹಿಂದೆ ಸರಿದ. ಬೇವಿನ ನೆರಳು ಬೇರೆ, ಅಷ್ಟು ಬೇಗ ಒಣಗುವ ಓಕುಳಿಯಲ್ಲ ಅದು. ಎಲಾ ಅಜ್ಜೀ! ಹರಿವಾಣ ಯಾಕೆ ತಂದಳು ಎಂದು ನನಗೆ ಆಗ ತಿಳಿಯಿತು. ಒಣಪಾಚಿ ಏಳುವುದಕ್ಕೆ ಹೊತ್ತು ಬೇಕು ಎಂದು ಮೇಡಂ ಆ ಸಂಜೆ ಹೇಳಿದ್ದನ್ನು ಅವಳು ಬೇವಿನ ಹೂವಿನ ಜೊತೆ ಬಿಡಿಸಿ ಇಟ್ಟುಕೊಂಡಿದ್ದಳು.

ಮೇಡಂ ಎರಡು ತಟ್ಟೆಗೂ ನೀರು ಹನಿಸಿ ಬಿಸಿಲಿಗೆ ಎಳೆದರು. ಕಾಯ್ದೆವು. ಬೋಂಡದ ಗಾಡಿಯವನು ಎರಡು ಬಾಣಲೆ ಮಾರಿಕೊಂಡ. ಎರಡೂ ತಟ್ಟೆಯ ಚೂರುಗಳು ನೀರು ಕುಡಿದು ಉಬ್ಬಿದವು. "ಎರಡೂ ಒಂದೇ ತರ ಐತಲ್ಲ ಮೇಡಂ" ಎಂದ ಮರಿಸ್ವಾಮಿ. ಮೇಡಂ ರೆಪ್ಪೆ ಬಡಿಯದೆ ನೋಡುತ್ತಿದ್ದರು. ದಾರ ಕಟ್ಟಿದ ತಟ್ಟೆಯದು ನೆನೆದ ಬಟ್ಟೆಯ ಹಾಗೆ ಕಂದಾಗಿ ಬಿದ್ದುಕೊಂಡಿತು. ಇನ್ನೊಂದು ತಟ್ಟೆಯ ಕಪ್ಪಿನೊಳಗೆ ಎಲ್ಲಿಂದಲೋ ಹಸಿರು ಬಂತು, ಮೊದಲು ಅಂಚಿಗೆ, ಆಮೇಲೆ ನಡುವಿಗೆ. ಬೀದಿಯ ಓಕುಳಿ ಅಂಚಿನಲ್ಲಿ ಒಣಗತೊಡಗಿತ್ತು. ಮರಿಸ್ವಾಮಿ ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಿದ್ದ. ಆಗ ಆ ಹಸಿರಿನ ಮೈಯಿಂದ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ ಬಿಡಿಸಿಕೊಂಡು ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲುಸಾಲು.

ಮೊದಲು ಕೂಗಿದವನು ಟ್ರಾಕ್ಟರಿನ ಮೇಲೆ ನಿಂತು ನೋಡುತ್ತಿದ್ದ ಇಲಿಯಾಸ್. "ಉಸಿರಾಡ್ತೈತೆ! ಉಸಿರಾಡ್ತೈತೆ ಕಣ್ರಪ್ಪೋ!" ಊರಿಗೆ ಊರೇ ಬೊಬ್ಬೆ ಹೊಡೆಯಿತು. ಶಿಳ್ಳೆಯೇನು, ಕುಣಿತವೇನು! 'ಸತ್ತಹುಳ' ಎಂದು ಹೆಸರಿಟ್ಟ ಪಡ್ಡೆಗಳೇ ಮೇಡಮ್ಮನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಎತ್ತಿದವು. "ಇಳಿಸ್ರೋ, ತಟ್ಟೆ ಜೋಪಾನ, ತಟ್ಟೆ!" ಎಂದು ಅವರು ಮೇಲಿನಿಂದ ಬೈಯುತ್ತಿದ್ದರು, ಅಳುತ್ತಿದ್ದರು, ನಗುತ್ತಿದ್ದರು. ನಾನೂ ಅತ್ತೆ. ನಾಚಿಕೆಯೇನು ಅದರಲ್ಲಿ! ಆಚೆಯ ಅಷ್ಟು ಚಳಿಯನ್ನು, ಅಷ್ಟು ಬಿಸಿಲನ್ನು, ಗಾಳಿಯೇ ಇಲ್ಲದ ಹಾಗಿರುವ ಗಾಳಿಯನ್ನು ನಮ್ಮ ಕೆರೆಯ ಪಾಚಿ ಗೆದ್ದು ಬಂದಿತ್ತು, ನಾವೆಲ್ಲ ಕಾಲು ಜಾರಿ ಬಿದ್ದು ಬೈದ ಅದೇ ಪಾಚಿ.

ಮರಿಸ್ವಾಮಿ ಮೂಗಿನಿಂದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. "ಮಾತು ಅಂದ್ರೆ ಮಾತು. ಇಲಿಯಾಸೂ, ಹಿಂದಕ್ಕೆ ತಗಳಪ್ಪಾ. ಕಸಕ್ಕೆ ಬೇರೆ ದಾರಿ ನೋಡಾಣ" ಎಂದ. ಟ್ರಾಕ್ಟರು ಹಿಮ್ಮುಖವಾಗಿ ಬೀದಿಯುದ್ದಕ್ಕೂ ಹೋಯಿತು. ಓಕುಳಿಯ ಮೇಲೆ ಒಂದು ಗಾಲಿಯ ಗುರುತೂ ಬೀಳಲಿಲ್ಲ.

ಗದ್ದಲ ಕೊಂಚ ತಗ್ಗಿದ ಮೇಲೆ ನೋಡಿದರೆ ಅಜ್ಜಿ ಬೇವಿನ ಕಟ್ಟೆಯ ಹತ್ತಿರ ಒಬ್ಬಳೇ ಬಗ್ಗಿ ನಿಂತು ತಟ್ಟೆಯೊಳಗೆ ನೋಡುತ್ತಿದ್ದಳು. ಮೇಡಂ ಹೋಗಿ ಪಕ್ಕದಲ್ಲಿ ನಿಂತರು. ಗುಳ್ಳೆ ಏಳುತ್ತಲೇ ಇತ್ತು.

"ಮೊದಲಿನವು ಹೋದ್ವಲ್ಲೇ ಮಗಳೇ, ನನ್ನ ಕೈಯಾಗೆ" ಅಂದಳು ಅಜ್ಜಿ.

"ನನ್ನ ಕೈಯಲ್ಲೂ ಅಜ್ಜೀ. ಇದು ಉಳೀತಲ್ಲ" ಅಂದರು ಮೇಡಂ, ಅವಳ ಕೈ ಹಿಡಿದುಕೊಂಡು. ಈ ಸಲ ಅಜ್ಜಿ ಕೊಸರಲಿಲ್ಲ.

ಆಮೇಲೆ ಅಜ್ಜಿ ತಲೆಯೆತ್ತಿ ಸುತ್ತ ನೆರೆದ ಜನರನ್ನು ನೋಡಿದಳು. "ಊರಿನ ಕಣ್ಣೆಲ್ಲ ಇದರ ಮೇಲೇ ಬಿದ್ದೈತೆ, ಒಳ್ಳೇದಲ್ಲ" ಎಂದು ಗೊಣಗಿ, ಸೊಂಟದ ಚೀಲದಿಂದ ಕಾಡಿಗೆ ಡಬ್ಬಿ ತೆಗೆದಳು. ಕಿರುಬೆರಳಿನ ತುದಿಗೆ ಇಷ್ಟು ಕಾಡಿಗೆ ಹಚ್ಚಿಕೊಂಡು, ನೀರಿಗೆ ತಾಗದ ಹಾಗೆ ಉಸಿರು ಹಿಡಿದು, ಗಾಜಿನ ತಟ್ಟೆಯ ಹೊರ ಅಂಚಿಗೆ ಒಂದು ದೃಷ್ಟಿಬೊಟ್ಟು ಇಟ್ಟಳು.